ದಿನಬಳಕೆಯ ಬೈಸಿಕಲ್ಲಿನ ಮೇಲೆ ಹೊರೆ ಸಾಗಿಸುವ ಕ್ರಮ

ಹಾಲು, ಹೂವು, ಸೊಪ್ಪು, ರೇಷ್ಮೆಗೂಡು ಇವು ಕಾಯತಕ್ಕ ಪದಾರ್ಥಗಳಲ್ಲ. ಹೊತ್ತಿಗೆ ಸರಿಯಾಗಿ ಪೇಟೆಗೆ ಮುಟ್ಟಿದರೆ ಹಣ, ತಡವಾದರೆ ತಿಪ್ಪೆ. ಎರಡು ಮೂರು ಎಕರೆ ಹಿಡುವಳಿಯುಳ್ಳ ರೈತನ ಮನೆಯಿಂದ ಒಂದು ದಿನಕ್ಕೆ ಹೊರಡುವ ಸರಕು ಬಹುಮಟ್ಟಿಗೆ ಮೂವತ್ತು ನಲವತ್ತು ಕಿಲೋಗ್ರಾಮಿನ ಒಳಗೇ ಇರುವುದು. ಇಷ್ಟು ಸರಕಿಗಾಗಿ ಜೋಡೆತ್ತಿನ ಗಾಡಿಯನ್ನು ಹೂಡುವುದು ದಂಡ. ಬಾಡಿಗೆಯ ಮೋಟಾರನ್ನು ಕರೆಯಿಸಿದರೆ ಬಂದ ಲಾಭವೆಲ್ಲ ಬಾಡಿಗೆಗೇ ಸಲ್ಲುವುದು. ತಲೆಯ ಮೇಲೆ ಹೊತ್ತು ನಡೆದರೆ ಗಂಟೆಗೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ದಾರಿ ಸಾಗದು, ಮನೆಗೆ ಮರಳಿದ ಮೇಲೆ ಹೊಲದ ಕೆಲಸಕ್ಕೆ ಮೈ ಏಳದು. ಇಂಥ ಹೊರೆಗೆ ತಕ್ಕ ವಾಹನವೆಂದರೆ ಬೈಸಿಕಲ್ಲು. ಅದಕ್ಕೆ ಮೇವು ಬೇಡ, ಎಣ್ಣೆಯ ಖರ್ಚು ಚೈನಿಗೆ ಹಾಕುವ ನಾಲ್ಕು ಹನಿಗಳಷ್ಟೇ. ಬದುವಿನ ಮೇಲೆಯೂ ತೋಟದ ಕಾಲುದಾರಿಯಲ್ಲಿಯೂ ಅದು ನುಗ್ಗುವುದು.

ಕರ್ನಾಟಕದಲ್ಲಿ ೨೦೦೬–೦೭ನೆಯ ಸಾಲಿನಿಂದ ಮೊದಲಾಗಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದವರು ಹಲವು ವರುಷ ಬೈಸಿಕಲ್ಲುಗಳನ್ನು ಉಚಿತವಾಗಿ ಹಂಚಿದರು. ಮಕ್ಕಳು ಓದು ಮುಗಿಸಿ ಊರುಬಿಟ್ಟ ಮೇಲೆ ಅವುಗಳಲ್ಲಿ ಎಷ್ಟೋ ಬೈಸಿಕಲ್ಲುಗಳು ಜಗಲಿಯ ಮೂಲೆಯಲ್ಲಿಯೂ ಕೊಟ್ಟಿಗೆಯ ಅಟ್ಟದಲ್ಲಿಯೂ ತುಕ್ಕು ಹಿಡಿಯುತ್ತಿವೆ. ಸಾಲ ಮಾಡಿ ಮೋಟಾರು ಸೈಕಲ್ಲನ್ನು ಕೊಳ್ಳುವುದಕ್ಕೆ ಮುಂಚೆ, ಮನೆಯಲ್ಲಿಯೇ ಇರುವ ಈ ಸಾಧನದಿಂದ ಏನು ಕೆಲಸ ಆಗುವುದೆಂಬುದನ್ನು ರೈತರು ನೋಡತಕ್ಕದ್ದು. ಆದರೆ ಹೊರೆ ಹೇರುವ ಕ್ರಮವನ್ನರಿಯದೆ ಸಿಕ್ಕಿದಂತೆ ಹೇರಿದಲ್ಲಿ ಬೈಸಿಕಲ್ಲೂ ಕೆಡುವುದು, ಸರಕೂ ಕೆಡುವುದು, ಸವಾರನ ಕೈಕಾಲಿಗೂ ಅಪಾಯ. ಆದುದರಿಂದ ಆ ಕ್ರಮವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ತಿಳಿಸಲಾಗಿದೆ.

ಯಾವ ಬೈಸಿಕಲ್ಲು ತಕ್ಕುದು

ಎರಡು ಸಮನಾದ ಚಕ್ರಗಳೂ ಹಿಂದಿನ ಚಕ್ರಕ್ಕೆ ಚೈನೂ ಇರುವ ಈಗಿನ ಮಾದರಿಯನ್ನು ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತನು ಬಳಕೆಗೆ ತಂದನು. ಗಾಳಿ ತುಂಬುವ ಟಯರನ್ನು ೧೮೮೮ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಹೊರಡಿಸಿದನು. ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವ, ಕಂಬಿಯ ಬ್ರೇಕಿನ ಕಪ್ಪು ಬೈಸಿಕಲ್ಲು ಅಂದಿನಿಂದ ಬಹಳವೇನೂ ಬದಲಾಗಿಲ್ಲ. ಇದನ್ನು ಹಳೆಯ ಕಾಲದ್ದೆಂದು ಹೀಗಳೆಯುವವರುಂಟು. ಹೊರೆಯ ಕೆಲಸಕ್ಕಾದರೋ ಇದೇ ಮೇಲು. ಇದರ ತೂಕ ಇಪ್ಪತ್ತು ಕಿಲೋಗ್ರಾಮಿನ ಆಸುಪಾಸು. ಚಕ್ರದ ಅಳತೆ ಇಪ್ಪತ್ತೆಂಟು ಅಂಗುಲ, ಟಯರಿನ ದಪ್ಪ ಒಂದೂವರೆ ಅಂಗುಲ. ಮುಂದಿನ ಚಕ್ರಕ್ಕೆ ೩೨, ಹಿಂದಿನ ಚಕ್ರಕ್ಕೆ ೪೦ ಕಡ್ಡಿಗಳು. ಹಿಂದಿನ ಚಕ್ರಕ್ಕೆ ಎಂಟು ಕಡ್ಡಿಗಳನ್ನು ಹೆಚ್ಚಾಗಿ ಕೊಟ್ಟಿರುವುದರಿಂದಲೇ ಭಾರವು ಎಲ್ಲಿ ಬೀಳುವುದೆಂದು ಮಾಡಿದವರಿಗೆ ತಿಳಿದಿತ್ತೆಂಬುದು ಗೊತ್ತಾಗುವುದು. ಎರಡು ಚಕ್ರಗಳ ನಡುವೆ ಅಂತರವೂ ಹೆಚ್ಚು, ಆದುದರಿಂದ ಹೊರೆಯೊಡನೆ ಓಡುವಾಗ ಹ್ಯಾಂಡಲ್ಲು ಚಂಚಲವಾಗದು. ಕಬ್ಬಿಣದ ಚೌಕಟ್ಟು ಬಾಗಿದರೆ ಊರಿನ ಕಮ್ಮಾರನೇ ನೆಟ್ಟಗೆ ಮಾಡಬಲ್ಲನು. ಎರಡು ಬಾರುಗಳುಳ್ಳ, ಮುಂದಿನ ಫೋರ್ಕಿಗೆ ಒತ್ತುಗೊಟ್ಟ ಕಂಬಿಗಳುಳ್ಳ ಬೈಸಿಕಲ್ಲು ದೊರೆತರೆ ಇನ್ನೂ ಒಳ್ಳೆಯದು.

ಹೆಂಗಸರ ಬೈಸಿಕಲ್ಲಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಮೇಲಿನ ಬಾರು ಇಲ್ಲದುದರಿಂದ ಅದು ಹೊರೆಗೆ ಆಗದೆಂದು ಹೇಳುವರು. ಚೌಕಟ್ಟು ಸ್ವಲ್ಪ ಸಡಿಲವೆಂಬುದು ನಿಜವೇ. ಆದರೆ ಹಿಂದೆ ಎತ್ತರವಾಗಿ ಹೊರೆ ಕಟ್ಟಿದ ಮೇಲೆ ಸವಾರನು ಕಾಲನ್ನು ಹಿಂದಿನಿಂದ ಎತ್ತಿ ಹಾಕಿ ಹತ್ತಲಾರನು. ಬಾರಿಲ್ಲದ ಬೈಸಿಕಲ್ಲಿಗೆ ಮುಂದಿನಿಂದಲೇ ಸುಲಭವಾಗಿ ಹತ್ತಬಹುದು, ಅವಸರದಲ್ಲಿ ತಟ್ಟನೆ ಇಳಿಯಲೂಬಹುದು. ಇಪ್ಪತ್ತೈದು ಕಿಲೋಗ್ರಾಮಿನೊಳಗಿನ ಹೊರೆಗೆ, ಅದರಲ್ಲಿಯೂ ವಯಸ್ಸಾದವರಿಗೂ ಹಾಲು ಹಾಕಿಬರುವ ಹೆಂಗಸರಿಗೂ, ಇದನ್ನೇ ಆರಿಸಿಕೊಳ್ಳುವುದು ಉತ್ತಮ.

ಬೈಸಿಕಲ್ಲಿನೊಡನೆ ಬರುವ ಸ್ಪ್ರಿಂಗು ಹಿಡಿಯ ತೆಳುಗಂಬಿ ಕ್ಯಾರಿಯರು ಪುಸ್ತಕದ ಚೀಲಕ್ಕೆ ಸಾಕು, ಮೂಟೆಗೆ ಸಾಲದು. ಅದರ ಕಾಲುಗಳು ಬೆಸುಗೆಯ ಹತ್ತಿರ ಮುರಿಯುವುವು. ಮುರಿದ ಕಾಲು ಓಡುವ ಚಕ್ರದ ಕಡ್ಡಿಗಳೊಳಕ್ಕೆ ಹೊಕ್ಕರೆ ಸವಾರನು ಮುಗ್ಗರಿಸಿ ಬೀಳುವನು. ಕಮ್ಮಾರನಿಂದ ಪಟ್ಟಿ ಕಬ್ಬಿಣದ ಕ್ಯಾರಿಯರನ್ನು ಮಾಡಿಸತಕ್ಕದ್ದು. ಅದಕ್ಕೆ ಪ್ರತಿ ಮಗ್ಗುಲಿಗೆ ಎರಡರಂತೆ ನಾಲ್ಕು ಕಾಲುಗಳಿರಬೇಕು; ಅವು ಹಿಂದಿನ ಚಕ್ರದ ಅಚ್ಚಿನ ಬಳಿಯಲ್ಲಿ ಸೇರಬೇಕು; ಮುಂದಿನ ತುದಿಯನ್ನು ಸೀಟಿನ ಕೆಳಗೆ ಚೌಕಟ್ಟಿಗೆ ಬಿಗಿಯಬೇಕು. ಸ್ಟ್ಯಾಂಡು ಎರಡು ಕಾಲಿನದೇ ಆಗಬೇಕು. ಒಂಟಿಕಾಲಿನ ಸ್ಟ್ಯಾಂಡಿನ ಮೇಲೆ ಹೊರೆ ಹೇರಿ ನಿಲ್ಲಿಸಿದ ಬೈಸಿಕಲ್ಲು ಮೆತ್ತನೆಯ ನೆಲದಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಒರಗುವುದು.

ಭಾರ ಎಲ್ಲಿ ಬೀಳುವುದು

ಇದೇ ಮುಖ್ಯವಾದ ಸಂಗತಿ. ಒಂದು ಲೆಕ್ಕದಿಂದ ಇದನ್ನು ತಿಳಿಯಬಹುದು. ಸವಾರನ ತೂಕ ೬೦ ಕಿಲೋಗ್ರಾಂ, ಬೈಸಿಕಲ್ಲಿನದು ೨೦, ಹೊರೆಯದು ೪೦ ಎಂದು ಇಟ್ಟುಕೊಳ್ಳೋಣವಾಗಲಿ. ಸವಾರನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಿಂದಿನ ಚಕ್ರದ ಮೇಲೆ ಬೀಳುವುದು. ಬೈಸಿಕಲ್ಲಿನ ತೂಕ ಎರಡು ಚಕ್ರಗಳಿಗೂ ಹೆಚ್ಚುಕಡಿಮೆ ಸಮವಾಗಿ ಹಂಚಿಹೋಗುವುದು. ಹೊರೆಯು ಹಿಂದಿನ ಅಚ್ಚಿನ ನೇರಕ್ಕೆ ಇದ್ದರೆ ಅದರ ೪೦ ಕಿಲೋಗ್ರಾಮೂ ಹಿಂದಿನ ಚಕ್ರದ್ದೇ. ಅಲ್ಲಿಗೆ ಹಿಂದಿನ ಚಕ್ರದ ಮೇಲೆ ೯೦, ಮುಂದಿನದರ ಮೇಲೆ ೩೦ ಕಿಲೋಗ್ರಾಂ ಆಯಿತು. ಅಂದರೆ ಹಿಂದಿನ ಚಕ್ರವು ಮುಂದಿನದರ ಮೂರರಷ್ಟು ಹೊರುವುದು.

ಅದೇ ಹೊರೆಯನ್ನು ಕ್ಯಾರಿಯರಿನ ಹಿಂತುದಿಗೆ ಸರಿಸಿ, ಅಚ್ಚಿನಿಂದ ಒಂದು ಗೇಣು ಹಿಂದಕ್ಕೆ ಬೀಳುವಂತೆ ಕಟ್ಟಿದರೆ ಏನಾಗುವುದೆಂಬುದನ್ನು ನೋಡತಕ್ಕದ್ದು. ಒಂದು ಗೇಣೆಂದರೆ ಸುಮಾರು ೨೩ ಸೆಂಟಿಮೀಟರು. ಎರಡು ಅಚ್ಚುಗಳ ನಡುವಣ ಅಂತರ ಸುಮಾರು ೧೧೫ ಸೆಂಟಿಮೀಟರು, ಅಂದರೆ ಐದು ಗೇಣು. ಆದುದರಿಂದ ಹೊರೆಯ ಐದರಲ್ಲಿ ಒಂದು ಪಾಲು, ಎಂಟು ಕಿಲೋಗ್ರಾಂ, ಸನ್ನೆಕೋಲಿನಂತೆ ಮುಂದಿನ ಚಕ್ರವನ್ನು ಮೇಲಕ್ಕೆತ್ತುವುದು. ಮುಂದೆ ಉಳಿಯುವುದು ೨೨ ಕಿಲೋಗ್ರಾಂ ಮಾತ್ರ. ಹಿಂದೆ ೯೮ ಆಗುವುದು. ಏರಿನಲ್ಲಿ ಇದು ಇನ್ನೂ ಹೆಚ್ಚಿ, ಹ್ಯಾಂಡಲ್ಲು ಕೈಗೆ ಹಗುರಾಗಿ, ಚಕ್ರವು ಹೇಳಿದ ಕಡೆಗೆ ತಿರುಗದೆ ಹೋಗುವುದು. ಹೊರೆ ಹೇರಿದ ಬೈಸಿಕಲ್ಲು ಅತ್ತಿತ್ತ ಓಲಾಡುವುದೆಂದು ದೂರುವವರಲ್ಲಿ ಅನೇಕರು ಮೂಟೆಯನ್ನು ಒಂದು ಗೇಣು ಮುಂದಕ್ಕೆ ಸರಿಸಿದ ಕೂಡಲೇ ದೂರು ನಿಂತುಹೋಗುವುದು.

ಎರಡನೆಯದಾಗಿ ಹೊರೆಯು ತಗ್ಗಿನಲ್ಲಿರಬೇಕು. ತಲೆಯ ಮಟ್ಟದ ಮೂಟೆಯು ಸ್ವಲ್ಪ ವಾಲಿದರೂ ಬೈಸಿಕಲ್ಲನ್ನೇ ಎಳೆದುಕೊಂಡು ಬೀಳುವುದು. ಅಚ್ಚಿನ ಮಟ್ಟದಲ್ಲಿ ತೂಗುವ ಚೀಲವು ಹಾಗೆ ಮಾಡಲಾರದು. ಮೂರನೆಯದಾಗಿ ಎಡಬಲಗಳು ಸಮತೂಕವಾಗಿರಬೇಕು. ಒಂದೇ ಕಡೆಗೆ ಹಾಲಿನ ಕ್ಯಾನನ್ನು ನೇತುಹಾಕಿ ಇನ್ನೊಂದು ಕಡೆಗೆ ಮೈಯನ್ನು ವಾಲಿಸಿ ತುಳಿಯುವವರುಂಟು. ಅವರು ವರುಷ ಕಳೆಯುವುದರೊಳಗಾಗಿ ಸೊಂಟ ಹಿಡಿದುಕೊಳ್ಳುವರು. ಸರಕು ಒಂದೇ ಕ್ಯಾನಿನಷ್ಟು ಇದ್ದರೆ ಮತ್ತೊಂದು ಮಗ್ಗುಲಿಗೆ ಹಿಂಡಿಯ ಚೀಲವನ್ನೋ ಬರಿಯ ಕಲ್ಲನ್ನೋ ಕಟ್ಟುವುದು ಮೇಲು.

ಹ್ಯಾಂಡಲ್ಲಿಗೆ ಚೀಲಗಳನ್ನು ನೇತುಹಾಕುವ ಅಭ್ಯಾಸವನ್ನು ಪೂರ್ಣವಾಗಿ ಬಿಡತಕ್ಕದ್ದು. ಅವು ತೂಗಾಡುತ್ತ ಮುಂದಿನ ಚಕ್ರವನ್ನು ತಮಗೆ ಬೇಕಾದತ್ತ ತಿರುಗಿಸುವುವು. ಚೀಲದ ಮೂಲೆಯು ಕಡ್ಡಿಗಳಿಗೆ ಸಿಕ್ಕಿದರೆ ಚಕ್ರವು ಥಟ್ಟನೆ ನಿಂತು ಸವಾರನು ಹ್ಯಾಂಡಲ್ಲಿನ ಮೇಲಿಂದ ಹಾರಿ ಬೀಳುವನು. ಮುಂದೆ ಹೊರೆ ಬೇಕೇಬೇಕೆನ್ನುವವರು ಹ್ಯಾಂಡಲ್ಲಿಗೆ ಸೇರದೆ ಚೌಕಟ್ಟಿಗೇ ಬಿಗಿದ ಕ್ಯಾರಿಯರನ್ನು ಮಾಡಿಸಬೇಕು. ಹಿಂದೆ ಇಂಗ್ಲೆಂಡಿನ ರೊಟ್ಟಿ, ಮಾಂಸದ ಅಂಗಡಿಗಳ ಹುಡುಗರು ಬಳಸುತ್ತಿದ್ದ ಬೈಸಿಕಲ್ಲುಗಳಲ್ಲಿ ಮುಂದಿನ ಚಕ್ರವನ್ನೇ ಚಿಕ್ಕದಾಗಿ ಮಾಡಿ ಅದರ ಮೇಲೆ ಚೌಕಟ್ಟಿಗೆ ಸೇರಿದ ದೊಡ್ಡ ಬುಟ್ಟಿಯನ್ನು ಕೂರಿಸುತ್ತಿದ್ದರು. ಚಕ್ರ ತಿರುಗಿದರೂ ಬುಟ್ಟಿ ತಿರುಗುತ್ತಿರಲಿಲ್ಲ.

ಹಸುಬೆಯ ಚೀಲ

ಮೇಲೆ ಹೇಳಿದ ಮೂರು ನಿಯಮಗಳೂ ಈ ನಾಡಿನವರಿಗೆ ಹೊಸವಲ್ಲ. ಗಾಡಿಯ ರಸ್ತೆಗಳಿಲ್ಲದ ಕಾಲದಲ್ಲಿ ಉಪ್ಪನ್ನೂ ದವಸವನ್ನೂ ಘಟ್ಟ ಹತ್ತಿಸಿ ಇಳಿಸುತ್ತಿದ್ದ ಹೇರೆತ್ತುಗಳ ಬೆನ್ನಿನ ಮೇಲೆ ಹಸುಬೆಯನ್ನು ಹಾಕುತ್ತಿದ್ದರು. ನಡುವೆ ಪಟ್ಟಿ, ಎರಡು ಮಗ್ಗುಲಿಗೂ ಸಮನಾದ ಚೀಲ. ಭಾರವೆಲ್ಲ ಪಕ್ಕೆಗಳಿಗೆ, ಬೆನ್ನಿನ ಮೇಲೆ ಎತ್ತರವಾಗಿ ಏನೂ ಇಲ್ಲ. ಬೈಸಿಕಲ್ಲಿಗೂ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಖರ್ಚೂ ಇಲ್ಲ.

ಗಟ್ಟಿಯಾದ ಎರಡು ಗೋಣಿಚೀಲಗಳನ್ನು ಆರಿಸಿ ಒಗೆದು ಒಣಗಿಸಬೇಕು. ಗೊಬ್ಬರದ ಚೀಲಗಳಾದರೆ ಆಹಾರ ಪದಾರ್ಥಕ್ಕೆ ಅವು ಬೇಡ. ಚೀಲದ ಬಾಯನ್ನು ಹೊರಕ್ಕೆ ಮಡಿಸಿ, ಆಳವು ಎರಡು ಗೇಣಿಗೆ ಸ್ವಲ್ಪ ಕಡಿಮೆಯಾಗುವಂತೆ ಮಾಡಬೇಕು. ಕ್ಯಾರಿಯರಿನಿಂದ ಅಚ್ಚಿನ ಮಟ್ಟಕ್ಕೆ ಸರಿಸುಮಾರಾಗಿ ಇಷ್ಟೇ ಅಂತರ. ಇದಕ್ಕಿಂತ ಆಳವಾದರೆ ಚೀಲದ ತಳವು ಬದುವಿನ ಕಲ್ಲುಗಳಿಗೂ ಗಾಡಿಜಾಡಿನ ದಿಂಡಿಗೂ ತಗಲುವುದು. ಎರಡು ಚೀಲಗಳನ್ನೂ ಕ್ಯಾರಿಯರಿನ ಅಗಲದ ದಪ್ಪ ಬಟ್ಟೆಯ ಪಟ್ಟಿಯಿಂದ ಸೇರಿಸಿ, ಹುರಿಯಿಂದ ಎರಡು ಸಾಲು ಹೊಲಿಯಬೇಕು. ಹಳೆಯ ನೀರೆತ್ತುವ ಪಟ್ಟಿಯೋ ಜಮಖಾನದ ತುಂಡೋ ಆದೀತು. ಪ್ರತಿ ಚೀಲದ ಒಳಮೈಗೆ, ಚಕ್ರದ ಕಡೆಗೆ, ಬಿದಿರಿನ ಎರಡು ಸೀಳುಗಳನ್ನು ಅಡ್ಡವಾಗಿ ಹೊಲಿಯಬೇಕು. ಇವುಗಳಿಲ್ಲದಿದ್ದರೆ ತುಂಬಿದ ಚೀಲವು ಒಳಕ್ಕೆ ಉಬ್ಬಿ ಕಡ್ಡಿಗಳನ್ನು ಉಜ್ಜುವುದು. ಈ ಸೀಳುಗಳನ್ನು ಬಿಟ್ಟು ಹೊಲಿದ ಹಸುಬೆಯನ್ನು ಬಳಸಲೇಕೂಡದು.

ಇನ್ನೊಂದು ತೊಡಕು ಹಿಮ್ಮಡಿಯದು. ಪೆಡಲು ತುಳಿಯುವಾಗ ಹಿಮ್ಮಡಿಯು ಹಿಂದಕ್ಕೆ ಬಂದು ಚೀಲಕ್ಕೆ ಬಡಿಯುವುದು. ಅದಕ್ಕೆ ಹೆದರಿ ಚೀಲವನ್ನು ಹಿಂದಕ್ಕೆ ಸರಿಸಿದರೆ ಮೊದಲು ಹೇಳಿದ ಓಲಾಟವು ಆರಂಭವಾಗುವುದು. ಆದುದರಿಂದ ಚೀಲವನ್ನು ಸರಿಸದೆ, ಅದರ ಮುಂದಿನ ಕೆಳಮೂಲೆಯನ್ನು ಓರೆಯಾಗಿ ಮಡಿಸಿ ಹೊಲಿಯುವುದೇ ಸರಿಯಾದ ಉಪಾಯ. ಬರಿಯ ಚೀಲವನ್ನು ಹಾಕಿ ಒಂದು ಸುತ್ತು ತುಳಿದು ನೋಡಿ ಗುರುತು ಮಾಡಿಕೊಂಡರೆ ಅಳತೆ ತಪ್ಪುವುದಿಲ್ಲ.

ಹೇರುವಾಗ ಬೈಸಿಕಲ್ಲನ್ನು ಸಮನೆಲದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಒಂದು ಮಗ್ಗುಲಿಗೆ ಅರ್ಧ, ಇನ್ನೊಂದಕ್ಕೆ ಅರ್ಧ, ಹೀಗೆ ಸರದಿಯಂತೆ ತುಂಬಬೇಕು. ಭಾರವಾದುದು ತಳಕ್ಕೆ, ಹಗುರವಾದುದು ಮೇಲಕ್ಕೆ. ಕಟ್ಟುವುದಕ್ಕೆ ಕತ್ತದ ಹಗ್ಗ ಒಳ್ಳೆಯದು. ನಯವಾದ ಪ್ಲಾಸ್ಟಿಕ್ ಹಗ್ಗದ ಗಂಟು ಕುಲುಕಾಟಕ್ಕೆ ಜಾರುವುದು. ಎಲ್ಲಕ್ಕಿಂತ ಅನುಕೂಲವಾದುದು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿದ ರಬ್ಬರು ಪಟ್ಟಿ. ಸರಕು ಕುಸಿದಂತೆಲ್ಲ ಅದು ತಾನೇ ಬಿಗಿದುಕೊಳ್ಳುವುದು. ಸೈಕಲ್ ಷಾಪಿನವರು ಇಂಥ ಟ್ಯೂಬುಗಳನ್ನು ಪುಕ್ಕಟೆಯಾಗಿ ಕೊಡುವುದೂ ಉಂಟು. ಹಗ್ಗವಾಗಲಿ ಪಟ್ಟಿಯಾಗಲಿ, ಕಟ್ಟಿ ಉಳಿದ ತುದಿಯನ್ನು ಒಳಕ್ಕೆ ಸಿಕ್ಕಿಸಿಯೇ ಹೊರಡಬೇಕು. ಜೋಲುವ ತುದಿಯು ಚಕ್ರಕ್ಕೆ ಸುತ್ತಿಕೊಳ್ಳುವುದು ಬೈಸಿಕಲ್ಲಿನ ಅಪಘಾತಗಳಿಗೆ ಬಹು ಸಾಮಾನ್ಯವಾದ ಕಾರಣ. ಸೀರೆಯ ಸೆರಗು, ಪಂಚೆಯ ಅಂಚು, ಹೆಗಲ ಮೇಲಿನ ಟವಲು ಇವುಗಳಿಗೂ ಇದೇ ಎಚ್ಚರಿಕೆ ಸಲ್ಲುವುದು.

ಸರಕಿಗೆ ತಕ್ಕ ಕ್ರಮ

ಹಾಲಿನ ತೂಕ ಲೀಟರಿಗೆ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಹತ್ತು ಲೀಟರಿನ ಎರಡು ಕ್ಯಾನುಗಳನ್ನು ಎಡಬಲಗಳಿಗೆ ಕಬ್ಬಿಣದ ಕೊಂಡಿಗಳಲ್ಲಿ ಕೂರಿಸಿ, ನಡುವಿಗೆ ರಬ್ಬರು ಪಟ್ಟಿ ಬಿಗಿದರೆ ಸಾಕು. ಇಪ್ಪತ್ತು ಲೀಟರಿನ ಒಂದೇ ಕ್ಯಾನಿಗಿಂತ ಇದು ಮೇಲು. ಕ್ಯಾನು ಅರೆತುಂಬಿದ್ದರೆ ಹಾಲು ಒಳಗೆ ಅಪ್ಪಳಿಸಿ ಬೈಸಿಕಲ್ಲನ್ನು ಜಗ್ಗುವುದು ಮಾತ್ರವಲ್ಲ, ಮಜ್ಜಿಗೆ ಕಡೆದಂತೆ ಕಡೆದುಹೋಗುವುದು. ಬೆಣ್ಣೆಯು ಕಾಳುಕಟ್ಟಿ ಮುಚ್ಚಳಕ್ಕೂ ಅಂಚಿಗೂ ಮೆತ್ತಿಕೊಳ್ಳುವುದು. ಡೇರಿಯಲ್ಲಿ ಮಾದರಿಗೆ ತೆಗೆದ ಹಾಲಿನಲ್ಲಿ ಕೊಬ್ಬಿನ ಅಂಶವು ಕಡಿಮೆಯಾಗಿ ಕಾಣುವುದು. ಕೊಬ್ಬಿನ ಅಂಶದ ಮೇಲೆ ಬೆಲೆ ಕಟ್ಟುವ ಸಂಘಗಳಲ್ಲಿ ಹೀಗೆ ರೈತನು ತನ್ನ ಹಸುವಿನ ಹಾಲಿಗೆ ನ್ಯಾಯವಾಗಿ ಸಲ್ಲಬೇಕಾದ ಹಣವನ್ನು ದಾರಿಯಲ್ಲಿಯೇ ಕಳೆದುಕೊಳ್ಳುವನು. ಪರೀಕ್ಷೆ ಮಾಡಿದವನ ಮೇಲೆ ಜಗಳಕ್ಕೂ ಹೋಗುವನು. ಹಾಲಿನ ಪ್ರಮಾಣಕ್ಕೆ ತಕ್ಕ ಚಿಕ್ಕ ಕ್ಯಾನನ್ನು ಕಂಠದವರೆಗೆ ತುಂಬಿ ಒಯ್ದಲ್ಲಿ ಈ ನಷ್ಟವಿಲ್ಲ. ಬೇಸಗೆಯಲ್ಲಿ ಕ್ಯಾನಿನ ಸುತ್ತ ಒದ್ದೆ ಗೋಣಿಯನ್ನು ಸುತ್ತತಕ್ಕದ್ದು. ಓಡುವಾಗ ಗಾಳಿ ತಗಲಿ ನೀರು ಆರಿದಂತೆ ಹಾಲು ತಂಪಾಗಿರುವುದು.

ರೇಷ್ಮೆಗೂಡಿನ ತೊಂದರೆ ತೂಕದ್ದಲ್ಲ, ಗಾತ್ರದ್ದು. ಗೂಡಿನೊಳಗೆ ಹುಳುವು ಜೀವಂತವಾಗಿದ್ದು ಉಸಿರಾಡುತ್ತಿರುವುದರಿಂದ ಪ್ಲಾಸ್ಟಿಕ್ ಚೀಲದಲ್ಲಿ ಅದುಮಿ ತುಂಬಿದರೆ ಕಾವೇರಿ ಬೆವೆತು ಗೂಡು ಕಲೆಯಾಗುವುದು. ಹರಾಜಿನಲ್ಲಿ ಅಂಥ ಗೂಡಿಗೆ ಬೆಲೆ ಬೀಳುವುದೆಂಬುದನ್ನು ರಾಮನಗರದ ಮಾರುಕಟ್ಟೆಗೆ ಹೋಗಿಬಂದ ಯಾವ ರೈತನಿಗೂ ಹೇಳಬೇಕಾದುದಿಲ್ಲ. ತೆಳುವಾದ ನೂಲುಬಟ್ಟೆಯ ಚೀಲಗಳಲ್ಲಿ ಸಡಿಲವಾಗಿ ತುಂಬಿ, ತಂಪು ಹೊತ್ತಿನಲ್ಲಿ ಸಾಗಿಸತಕ್ಕದ್ದು. ಹೊರೆಯು ಹಗುರವಾದುದರಿಂದ ಇಲ್ಲಿ ಮಾತ್ರ ಸ್ವಲ್ಪ ಎತ್ತರವಾದರೂ ಬಾಧಕವಿಲ್ಲ. ಆದರೆ ಎದುರುಗಾಳಿಯಲ್ಲಿ ಅಗಲವಾದ ಚೀಲವು ಹಾಯಿಯಂತೆ ವರ್ತಿಸುವುದೆಂಬುದನ್ನು ಮರೆಯಕೂಡದು.

ಟೊಮೆಟೊ ಹಣ್ಣನ್ನು ಕೋಲಾರದ ಮಾರುಕಟ್ಟೆಯಲ್ಲಿ ೧೫ ಕಿಲೋಗ್ರಾಮಿನ ಪೆಟ್ಟಿಗೆಯ ಲೆಕ್ಕದಲ್ಲಿ ಮಾರುವರು. ಕ್ಯಾರಿಯರಿನ ಮೇಲೆ ಹಲಗೆಯನ್ನು ಉದ್ದಕ್ಕೆ ಬಿಗಿದು ಒಂದು ಪೆಟ್ಟಿಗೆಯನ್ನು ಸುಖವಾಗಿ ಒಯ್ಯಬಹುದು. ಎರಡನ್ನು ಒಂದರ ಮೇಲೊಂದು ಇಟ್ಟರೆ ತೂಕ ಮಿತಿಯಲ್ಲಿದ್ದರೂ ಎತ್ತರ ಮೀರುವುದು, ಕೆಳಗಿನ ಹಣ್ಣೂ ಜಜ್ಜುವುದು. ಎಳನೀರನ್ನು ಗೊಂಚಲುಗಟ್ಟಿ ಎರಡು ಮಗ್ಗುಲಿಗೂ ಇಳಿಬಿಡುವ ವ್ಯಾಪಾರಿಗಳು ಯಾವ ಪುಸ್ತಕವನ್ನೂ ಓದದೆ ಸರಿಯಾದ ಕ್ರಮವನ್ನೇ ಅನುಸರಿಸುತ್ತಿದ್ದಾರೆ. ಹಸಿ ಹುಲ್ಲಿನ ಹೊರೆಯನ್ನು ಅಡ್ಡಲಾಗಿ ಕಟ್ಟುವುದರಿಂದ ಎದುರು ಬರುವ ವಾಹನಕ್ಕೂ ಹಿಂದಿನಿಂದ ಬರುವ ವಾಹನಕ್ಕೂ ಅದು ತಗಲುವುದು; ಹುಲ್ಲನ್ನು ಎರಡು ಕಂತೆ ಮಾಡಿ ಹಸುಬೆಯಂತೆಯೇ ಇಳಿಬಿಡತಕ್ಕದ್ದು. ಹಾರೆ, ಗುದ್ದಲಿ, ಗಳು ಮುಂತಾದ ನೀಳವಾದ ವಸ್ತುಗಳನ್ನು ಬಾರಿಗೆ ಒತ್ತಾಗಿ ಉದ್ದಕ್ಕೆ ಕಟ್ಟಬೇಕು. ಕುಡುಗೋಲಿನ ಬಾಯಿಗೆ ಗೋಣಿ ಸುತ್ತದೆ ಹೊರಡಕೂಡದು.

ಕ್ರಿಮಿನಾಶಕ ಔಷಧಗಳನ್ನು ಆಹಾರ ಪದಾರ್ಥ, ಹಿಂಡಿ, ಮೇವುಗಳೊಡನೆ ಒಂದೇ ಚೀಲದಲ್ಲಿ ತರುವುದು ಜೀವಕ್ಕೆ ಹಾನಿಕರ. ಡಬ್ಬಿಯು ಕುಲುಕಾಟಕ್ಕೆ ಬಿರುಕುಬಿಟ್ಟು ಔಷಧವು ಚೀಲಕ್ಕೆ ಇಳಿದರೆ ಕಣ್ಣಿಗೆ ಕಾಣುವುದೂ ಇಲ್ಲ. ಇದಕ್ಕೆ ಬೇರೆಯೇ ಒಂದು ತಗಡಿನ ಡಬ್ಬವನ್ನು ಇಟ್ಟುಕೊಂಡು, ಅದನ್ನು ಮತ್ತಾವ ಕೆಲಸಕ್ಕೂ ಬಳಸದೆ ಇರತಕ್ಕದ್ದು. ಕೋಳಿಗಳ ಕಾಲು ಕಟ್ಟಿ ಹ್ಯಾಂಡಲ್ಲಿಗೆ ತಲೆಕೆಳಗಾಗಿ ನೇತುಹಾಕುವುದನ್ನು ಸಂತೆಯ ದಿನಗಳಲ್ಲಿ ಕಾಣಬಹುದು. ಪ್ರಾಣಿಗಳಿಗೆ ಅನಾವಶ್ಯಕವಾಗಿ ನೋವಾಗುವಂತೆ ಸಾಗಿಸುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ಮೇರೆಗೆ ಅಪರಾಧ. ಬಿದಿರಿನ ಪಂಜರವನ್ನು ಕ್ಯಾರಿಯರಿಗೆ ಬಿಗಿದು ಒಯ್ದರೆ ಕೋಳಿಯ ತೂಕವೂ ಇಳಿಯುವುದಿಲ್ಲ.

ತುಳಿಯುವುದು, ಇಳಿದು ತಳ್ಳುವುದು

ರೂಢಿಯಿಲ್ಲದವನು ಇಪ್ಪತ್ತು ಕಿಲೋಗ್ರಾಮಿನಿಂದ ಮೊದಲುಮಾಡುವುದು ಕ್ಷೇಮ. ಗಟ್ಟಿಯಾದ ರಸ್ತೆಯಲ್ಲಿ ಪಳಗಿದವನು ನಲವತ್ತರವರೆಗೆ ಕೂತು ತುಳಿಯಬಹುದು. ಯೂರಿಯ ಗೊಬ್ಬರದ ಚೀಲವು ೨೦೧೮ರಿಂದ ೫೦ಕ್ಕೆ ಬದಲಾಗಿ ೪೫ ಕಿಲೋಗ್ರಾಮಿನದಾಗಿ ಬರುತ್ತಿದೆ. ಅಂಥ ಇಡೀ ಚೀಲವನ್ನು ಕ್ಯಾರಿಯರಿನ ಮೇಲೆ ಅಡ್ಡಲಾಗಿ ಹಾಕಿ ಸವಾರಿ ಮಾಡುವುದು ಸರಿಯಲ್ಲ. ಬಾರಿನ ಕೆಳಗಣ ಮುಕ್ಕೋಣದೊಳಗೆ ಅದನ್ನು ಓರೆಯಾಗಿ ತೂರಿಸಿ, ಪಕ್ಕದಲ್ಲಿ ನಡೆಯುತ್ತ ತಳ್ಳಿಕೊಂಡು ಬರತಕ್ಕದ್ದು. ಆಗ ಭಾರವು ಎರಡು ಚಕ್ರಗಳ ನಡುವೆಯೂ ತಗ್ಗಿನಲ್ಲಿಯೂ ಇರುವುದರಿಂದ ಚಿಕ್ಕ ಹುಡುಗನೂ ತಳ್ಳಬಲ್ಲನು.

ತಳ್ಳುವುದನ್ನು ಅವಮಾನವೆಂದು ಭಾವಿಸುವವರುಂಟು. ೧೯೫೪ರಲ್ಲಿ ವಿಯಟ್ನಾಮಿನ ದಿಯನ್ ಬಿಯನ್ ಫು ಎಂಬಲ್ಲಿ ನಡೆದ ಕಾಳಗಕ್ಕೆ ಅಲ್ಲಿಯ ಜನರು ಕಾಡುಬೆಟ್ಟಗಳ ದಾರಿಯಲ್ಲಿ ಅಕ್ಕಿಯನ್ನೂ ಮದ್ದುಗುಂಡುಗಳನ್ನೂ ಸಾವಿರಾರು ಬೈಸಿಕಲ್ಲುಗಳ ಮೇಲೆಯೇ ಸಾಗಿಸಿದರು. ಒಂದೊಂದರ ಮೇಲೆ ಇನ್ನೂರು ಕಿಲೋಗ್ರಾಂ, ಕೆಲವುಗಳ ಮೇಲೆ ಅದಕ್ಕೂ ಹೆಚ್ಚು. ಒಬ್ಬನೂ ಕೂತು ತುಳಿಯಲಿಲ್ಲ. ಹ್ಯಾಂಡಲ್ಲಿಗೆ ಒಂದು ಬಿದಿರು ಗಳುವನ್ನು ಉದ್ದವಾಗಿ ಕಟ್ಟಿ, ಸೀಟಿನ ಕೊಳವೆಯಲ್ಲಿ ಇನ್ನೊಂದನ್ನು ನೆಟ್ಟು, ಒಂದರಿಂದ ದಾರಿ ತಿರುಗಿಸುತ್ತ ಇನ್ನೊಂದರಿಂದ ತಳ್ಳುತ್ತ ನಡೆದರು. ನಮ್ಮ ದೇಶದ ಝಾರ್ಖಂಡ ಪ್ರಾಂತದಲ್ಲಿ ಕಲ್ಲಿದ್ದಲನ್ನು ಮೂಟೆಗಟ್ಟಿ ಬಹು ದೂರದ ಪೇಟೆಗಳಿಗೆ ಹೀಗೆಯೇ ತಳ್ಳಿಕೊಂಡು ಹೋಗುವ ಬಡವರಿದ್ದಾರೆ. ಅವರ ಕಷ್ಟವು ಯಾರಿಗೂ ಬೇಡ. ಬಿದಿರು ಗಳುವಿನ ಉಪಾಯವನ್ನು ಮಾತ್ರ ಗೊಬ್ಬರ, ದವಸಗಳ ಮೂಟೆಗೆ ಎಲ್ಲರೂ ಬಳಸಬಹುದು.

ಏರಿನಲ್ಲಿ ಇಳಿಯುವುದೇ ವಿವೇಕ. ಸವಾರನೂ ಸೇರಿ ಒಟ್ಟು ೧೨೦ ಕಿಲೋಗ್ರಾಮಿದ್ದರೆ, ಗಟ್ಟಿಯಾದ ಸಮರಸ್ತೆಯಲ್ಲಿ ಮೆಲ್ಲಗೆ ಸಾಗುವುದಕ್ಕೆ ಒಂದು ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚಿನ ಎಳೆತವು ಸಾಕು. ಇಪ್ಪತ್ತು ಮಾರಿಗೆ ಒಂದು ಮಾರು ಏರುವ ದಿನ್ನೆಯಲ್ಲಿ ಇದಕ್ಕೆ ಆರು ಕಿಲೋಗ್ರಾಂ ಕೂಡಿ, ಒಟ್ಟು ಆರರಷ್ಟಾಗುವುದು. ಮರಳಿನಲ್ಲಿಯೂ ಉತ್ತ ಹೊಲದಲ್ಲಿಯೂ ಏರಿಲ್ಲದೆಯೇ ಇಷ್ಟು ಕಷ್ಟ ಬರುವುದು.

ಏರಿಗಿಂತ ಇಳಿಜಾರು ಹೆಚ್ಚು ಅಪಾಯದ್ದು. ವೇಗವು ಎರಡರಷ್ಟಾದರೆ ನಿಲ್ಲುವುದಕ್ಕೆ ಬೇಕಾದ ದೂರವು ನಾಲ್ಕರಷ್ಟಾಗುವುದು. ಗಂಟೆಗೆ ಹದಿನೈದು ಕಿಲೋಮೀಟರು ವೇಗದಲ್ಲಿ ಐದು ಗಜದಲ್ಲಿ ನಿಲ್ಲುವ ಬೈಸಿಕಲ್ಲು ಮೂವತ್ತರ ವೇಗದಲ್ಲಿ ಇಪ್ಪತ್ತು ಗಜ ಓಡಿಯೇ ನಿಲ್ಲುವುದು. ಹೊರೆಯಿದ್ದಲ್ಲಿ ಇನ್ನೂ ಮುಂದಕ್ಕೆ. ಮಳೆಗಾಲದಲ್ಲಂತೂ ಕಬ್ಬಿಣದ ರಿಮ್ಮು ಒದ್ದೆಯಾದಾಗ ಬ್ರೇಕಿನ ರಬ್ಬರು ಜಾರಿ, ಹಿಡಿತವು ಬಹಳ ಕುಗ್ಗುವುದು. ಬ್ರೇಕು ಗಟ್ಟಿಯಾಗಿದೆಯೆಂದು ನಂಬಿ ಮಳೆಯಲ್ಲಿ ಕೆರೆ ಏರಿಯಿಂದ ಇಳಿಯುವವರಿಗೆ ಇದು ಕೊನೆಯಲ್ಲಿಯೇ ಗೊತ್ತಾಗುವುದು. ಇಳಿಜಾರಿನ ತಲೆಯಲ್ಲಿಯೇ ಬ್ರೇಕನ್ನು ಮೆಲ್ಲನೆ ಒತ್ತಿ ರಿಮ್ಮಿನ ನೀರನ್ನು ಒರಸಿಕೊಳ್ಳಬೇಕು, ಎರಡು ಬ್ರೇಕುಗಳನ್ನೂ ಒಟ್ಟಿಗೆ ಹಿಡಿಯಬೇಕು, ಕಡಿದಾದ ಕಡೆ ಇಳಿದು ನಡೆಯಬೇಕು. ಸೀಟನ್ನು ಎರಡು ಕಾಲಿನ ಬೆರಳುಗಳೂ ನೆಲಕ್ಕೆ ತಗಲುವಷ್ಟು ತಗ್ಗಿಸಿಕೊಂಡರೆ ಥಟ್ಟನೆ ನಿಲ್ಲುವುದು ಸುಲಭ. ರಾತ್ರಿಯಲ್ಲಿ ಹೊರಡುವವರು ಹಿಂದಿನ ಕೆಂಪು ಗಾಜನ್ನು ಹೊರೆಯು ಮುಚ್ಚದಂತೆ ನೋಡಿಕೊಂಡು, ಬೇಕಾದರೆ ಅದನ್ನು ಹೊರೆಯ ಹಿಂಭಾಗಕ್ಕೇ ಕಟ್ಟತಕ್ಕದ್ದು.

ಉಪಚಾರ

ಹೊರೆಯ ಬೈಸಿಕಲ್ಲಿಗೆ ಹಿಂದಿನ ಟಯರೇ ಪ್ರಾಣ. ಗಾಳಿ ಕಡಮೆಯಿದ್ದಲ್ಲಿ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕದಲ್ಲಿ ಎರಡು ತೂತು ಬೀಳುವುದು. ಮುಳ್ಳಿನ ತೂತು ಒಂದೇ. ಜೋಡಿ ತೂತು ಕಂಡರೆ ತಪ್ಪು ದಾರಿಯದಲ್ಲ, ಪಂಪು ಹೊಡೆಯದವನದು. ಹೊರೆ ಹೇರಿ ಸವಾರನು ಕೂತಾಗ ಹಿಂದಿನ ಟಯರು ನೆಲಕ್ಕೆ ಸ್ವಲ್ಪ ಮಾತ್ರ ಚಪ್ಪಟೆಯಾಗಬೇಕು. ಗಾಳಿ ದಿನದಿನಕ್ಕೂ ಇಳಿಯುತ್ತಿದ್ದರೆ ಮೊದಲು ವಾಲ್ವಿನ ಚಿಕ್ಕ ರಬ್ಬರು ಕೊಳವೆಯನ್ನು ನೋಡಬೇಕು. ಅದು ಬಿಸಿಲಿಗೆ ಸೀಳಿರುವುದೇ ಹೆಚ್ಚು. ಅಂಥ ಒಂದೆರಡು ತುಂಡುಗಳನ್ನು ಜೇಬಿನಲ್ಲಿಟ್ಟುಕೊಂಡರೆ ಹಾಲು ಒಡೆಯುವ ಹೊತ್ತಿನಲ್ಲಿ ನಡುದಾರಿಯಲ್ಲಿ ನಿಲ್ಲುವ ಗೋಳು ತಪ್ಪುವುದು.

ವಾರಕ್ಕೊಮ್ಮೆ ಹಿಂದಿನ ಚಕ್ರವನ್ನು ಎತ್ತಿ, ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟಿ ನೋಡತಕ್ಕದ್ದು. ಬಿಗಿಯಾದ ಕಡ್ಡಿ ನಾದಗೊಡುವುದು, ಸಡಿಲವಾದುದು ಮಂಕಾಗಿ ಮಿಡಿಯುವುದು. ಒಂದು ಕಡ್ಡಿ ಮುರಿದುದನ್ನು ಅಲಕ್ಷಿಸಿ ಹೊರೆ ಹೇರಿದರೆ ಅದರ ಪಾಲಿನ ಭಾರವು ನೆರೆಯ ಕಡ್ಡಿಗಳಿಗೆ ಬಿದ್ದು ಅವೂ ಮುರಿಯುವುವು. ಫ್ರೀವೀಲಿನ ಕಡೆಯವು ಹೆಚ್ಚು ಬಿಗಿತದಲ್ಲಿರುವುದರಿಂದ ಮೊದಲು ಅವನ್ನೇ ಪರೀಕ್ಷಿಸಬೇಕು. ಗೊಬ್ಬರ ಹೊತ್ತ ದಿನ ಬೈಸಿಕಲ್ಲನ್ನು ನೀರಿನಿಂದ ತೊಳೆದು ಒರಸದಿದ್ದರೆ ಗೊಬ್ಬರದ ಪುಡಿಯು ತೇವವನ್ನೆಳೆದು ಕಡ್ಡಿಗಳ ಬುಡವನ್ನೂ ಕ್ಯಾರಿಯರಿನ ಬೆಸುಗೆಯನ್ನೂ ತಿನ್ನುವುದು.

ಊರಿನ ಮುಖಂಡರು ಇದರಲ್ಲಿ ಮಾಡಬಹುದಾದ ಕೆಲಸವೂ ಇದೆ. ಹಿಂದೆ ತಲೆಹೊರೆಯವರಿಗಾಗಿ ದಾರಿಯ ಬದಿಯಲ್ಲಿ ಎದೆಯೆತ್ತರದ ಕಲ್ಲು ನಿಲ್ಲಿಸುತ್ತಿದ್ದರು. ಹೊರೆಯನ್ನು ಯಾರ ನೆರವೂ ಇಲ್ಲದೆ ಅದರ ಮೇಲೆ ಇಳಿಸಿ, ದಣಿವಾರಿಸಿಕೊಂಡು ಮತ್ತೆ ಎತ್ತಿಕೊಳ್ಳುವರು. ಈಗ ಹಾಲಿನ ಡೇರಿಯ ಮುಂದೆ ಒಂದು ಗಾಳಿಯ ಪಂಪನ್ನೂ ಸಮಮಾಡಿದ ಹತ್ತು ಅಡಿ ನೆಲವನ್ನೂ ಏರ್ಪಡಿಸಿದರೆ ಅದೇ ಉಪಕಾರವಾಗುವುದು. ಕಾಲುವೆಗಳನ್ನು ದಾಟುವ ಕಡೆ ಗಾಡಿಜಾಡಿನ ಹಳ್ಳಗಳಿಗೆ ಮಳೆಗಾಲಕ್ಕೆ ಮುಂಚೆ ಜಲ್ಲಿ ತುಂಬಿಸತಕ್ಕದ್ದು. ಒಂದು ಮೊಳ ಅಗ್ಗಲದ ಗಟ್ಟಿಯಾದ ಪಟ್ಟಿಯಿದ್ದರೆ ಬೈಸಿಕಲ್ಲಿಗೆ ಸಾಕು. ಕಮ್ಮಾರನಿಗೆ ಒಂದು ಒಳ್ಳೆಯ ಕ್ಯಾರಿಯರನ್ನು ಮಾದರಿಯಾಗಿ ತೋರಿಸಿ, ನಾಲ್ಕಾರು ಮನೆಯವರು ಒಟ್ಟಿಗೆ ಮಾಡಿಸಿಕೊಂಡಲ್ಲಿ ಕಬ್ಬಿಣವೂ ಕೂಲಿಯೂ ಅಗ್ಗವಾಗುವುವು.